ಹಿಂಡದೆ ತೂಗಿದ ಇಬ್ಬನಿ

ಊಟದ ಡಬ್ಬಿಯಲ್ಲಿ ಇಬ್ಬನಿಯನ್ನು ಮುಚ್ಚಿ ಬಸ್ಸಿಗೆ ಹಾಕಿದವರು ಎಲ್ಲಿಯಾದರೂ ಇದ್ದರೆ ಅವರು ನಮ್ಮ ಸೀಮೆಯವರೇ ಇರಬೇಕು. ನಲವತ್ತು ವರ್ಷಗಳ ಹಿಂದಿನ ಒಂದು ಚಳಿಗಾಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆಯ ಹೊಲಗಳಲ್ಲಿ ರಾತ್ರಿ ಇಳಿದ ಇಬ್ಬನಿಯನ್ನು ಹೆಣ್ಣುಮಕ್ಕಳು ಸೂರ್ಯ ಮೂಡುವ ಮೊದಲೇ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಕಂಡಕ್ಟರರ ಕೈಗೆ ಒಪ್ಪಿಸುತ್ತಿದ್ದರು. ಚಿಕ್ಕೋಡಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಕುಳಿತು, ಒಬ್ಬ ಯುವತಿ ಆ ಬಟ್ಟೆಗಳನ್ನು ಒಂದೊಂದಾಗಿ ತೂಗುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ, ಈ ಭಾಗದಲ್ಲಿ ಅದುವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಸಂಗತಿಯೊಂದು ಅವಳಿಗೆ ದಕ್ಕಿತ್ತು. ಮೋಡವಿಲ್ಲದೆ, ಗುಡುಗಿಲ್ಲದೆ, ಯಾರ ಗಮನಕ್ಕೂ ಬಾರದೆ, ಒಂದೇ ಚಳಿಗಾಲದಲ್ಲಿ ಒಂದು ಒಳ್ಳೆಯ ಮಳೆಯಷ್ಟು ನೀರು ನಮ್ಮ ಹೊಲಗಳ ಮೇಲೆ ಇಳಿಯುತ್ತದೆ ಎಂಬುದೇ ಆ ಸಂಗತಿ.

ಆ ಯುವತಿಯೇ ಇಂದು ಎಪ್ಪತ್ತು ದಾಟಿರುವ ಡಾ. ಅಕ್ಕುತಾಯಿ ಮಾಯಪ್ಪ ಕಾಂಬಳೆ, ವಾಯುಮಂಡಲದ ಭೌತವಿಜ್ಞಾನಿ. ಪುಣೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಬಾಳಿನ ಬಹುಭಾಗ ದುಡಿದು, ನಿವೃತ್ತಿಯ ಬಳಿಕ ಹುಟ್ಟೂರು ಕಬ್ಬೂರಿಗೆ ಮರಳಿದ್ದಾರೆ. ನಿವೃತ್ತಿ ಎಂಬುದು ಕಾಗದದ ಮಾತು. ಇಬ್ಬನಿಗೆ ನಿವೃತ್ತಿ ಇಲ್ಲದ ಕಾರಣ ಅವರಿಗೂ ಇಲ್ಲ.

ಸಂಕ್ರಾಂತಿ ಕಳೆದ ಮರುವಾರ, ಮುಂಜಾನೆ. ಊರ ಹೊರಗಿನ ಕಪ್ಪು ನೆಲದ ಹೊಲದ ನಡುವೆ ಒಂದು ಚೌಕ ಹುಲ್ಲುಗಾವಲು. ಅದರಲ್ಲಿ ಮೊಣಕಾಲೆತ್ತರದ ಕಾಲುಗಳ ಮೇಲೆ ಕಪ್ಪು ಬಣ್ಣ ಬಳಿದ ಮೂರು ತಗಡಿನ ತಾಟುಗಳು ಮುಗಿಲಿಗೆ ಮುಖ ಮಾಡಿ ಮಲಗಿವೆ. ತಲೆಗೆ ಉಣ್ಣೆಯ ಶಾಲು ಸುತ್ತಿಕೊಂಡ ಅಕ್ಕುತಾಯಿ ಮೊದಲನೆಯ ತಾಟಿನ ಮುಂದೆ ಬಗ್ಗುತ್ತಾರೆ. ಡಬ್ಬಿಯ ಮುಚ್ಚಳ ತೆಗೆದು ಬಿಳಿಯ ಬಟ್ಟೆಯೊಂದನ್ನು ಹೊರತೆಗೆಯುತ್ತಾರೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಮಗುವಿನ ಮುಖ ಒರೆಸುವ ಹಗುರದಲ್ಲಿ, ತಾಟನ್ನು ಒರೆಸುತ್ತಾರೆ. ಒದ್ದೆಯಾದ ಬಟ್ಟೆ ಮತ್ತೆ ಡಬ್ಬಿ ಸೇರುತ್ತದೆ, ಮುಚ್ಚಳ ಬೀಳುತ್ತದೆ. ಕೈ ಒದ್ದೆ ಇರುವುದರಿಂದ ಬರೆಯುವ ಗೋಜಿಲ್ಲ. ಕೊರಳಿಗೆ ತೂಗಿಕೊಂಡ ಮೊಬೈಲಿಗೆ ಬಾಯಿಂದಲೇ ವರದಿ ಒಪ್ಪಿಸುತ್ತಾರೆ: “ಒಂದನೇ ತಾಟ. ಗಾಳಿ ಇಲ್ಲ. ಮುಗಿಲು ಸ್ವಚ್ಛ. ಹನಿ ದಪ್ಪ ಅದಾವ.”

ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತ ಸಾವಕ್ಕ ಅದನ್ನು ಕೇಳಿ ಮೂಗು ಮುರಿಯುತ್ತಾಳೆ. ತಂಬಾಕಿನ ಹೊಲಗಳಲ್ಲಿ ಆಯುಷ್ಯ ಸವೆಸಿದ ಈ ಮುದುಕಿ ಅಕ್ಕುತಾಯಿಯವರಿಗಿಂತ ಏಳೆಂಟು ವರ್ಷ ಹಿರಿಯಳು.

“ಪುಣೇಕ ಹೋದಿ, ಡಾಕ್ಟರಕಿ ಮಾಡಿದಿ, ವಿಮಾನ ಹತ್ತಿದಿ. ಕಡೀಕ ಬಂದು ಏನ್ ಮಾಡಾಕತ್ತೀ ಬೇ? ತಾಟ ಒರಸಾಕತ್ತೀ!”

“ಕಲಿಸಿದಾಕಿ ನೀನಽ ಅಲ್ಲೇನಬೇ?” ಎಂದು ಅಕ್ಕುತಾಯಿ ತಿರುಗಿಯೂ ನೋಡದೆ ಉತ್ತರ ಕೊಡುತ್ತಾರೆ.

ಈ ಸರಸ ಪ್ರತಿ ಮುಂಜಾನೆಯದು. ಆದರೆ ಈ ವಾರ ಅದರ ಹಿಂದೆ ಒಂದು ಕಳವಳವೂ ಇದೆ. ಹುಲ್ಲಿನ ಈ ಚೌಕ ಅಕ್ಕುತಾಯಿಯವರದಲ್ಲ. ಹೊಲದ ಒಡೆಯ ಲಗಮಣ್ಣ ತಮ್ಮ ತಂಬಾಕಿನ ಕಾಲದಿಂದಲೂ ಇದನ್ನು ಅವರ ತಾಟುಗಳಿಗೆಂದು ಬಿಟ್ಟುಕೊಟ್ಟಿದ್ದರು. ಲಗಮಣ್ಣ ಹೋದ ವರ್ಷ ತೀರಿಕೊಂಡರು. ಈಗ ಹೊಲ ಮಾಡುವವನು ಅವರ ಮಗ ಈಶ್ವರ. ಸುತ್ತಲಿನ ನೆಲವೆಲ್ಲ ಕಬ್ಬಿಗೆ ಸಿದ್ಧವಾಗಿದೆ. ಚೌಕವನ್ನೂ ಸೇರಿಸಿ ಸಾಲು ಹೊಡೆಯಲು ಅವನು ಟ್ರ್ಯಾಕ್ಟರಿಗೆ ಹೇಳಿಬಿಟ್ಟಿದ್ದಾನೆ. ಕಬ್ಬು ಆಳೆತ್ತರ ಬೆಳೆಯಿತೆಂದರೆ ತಾಟುಗಳಿಗೆ ಮುಗಿಲು, ಅಂದರೆ ತೆರೆದ ಆಕಾಶ, ಕಾಣದು. ಮುಗಿಲು ಕಾಣದ ತಾಟಿನ ಮೇಲೆ ಇಬ್ಬನಿ ಕೂರದು.

“ಬ್ಯಾರೆ ಕಡೆ ಇಡಬಹುದಲ್ರಿ?” ಎಂದು ಕೇಳಿದರೆ ಅಕ್ಕುತಾಯಿ ಹಟ ಹಿಡಿದವರಂತೆ ಅಲ್ಲ, ಪಾಠ ಹೇಳುವವರಂತೆ ಉತ್ತರಿಸುತ್ತಾರೆ. “ಇಡಬಹುದ್ರಿ. ಆದ್ರ ಅದು ಹೊಸಾ ಲೆಕ್ಕ ಆಗತೈತಿ. ನಿಮ್ಮ ಎತ್ತರ ಅಳೀಬೇಕಂದ್ರ ಪ್ರತಿ ವರ್ಷ ಅದಽ ಗ್ವಾಡಿಗೆ ನಿಲ್ಲಿಸಬೇಕಲ್ರಿ? ನಲವತ್ತ ಚಳಿಗಾಲ ಈ ನೆಲಾನಽ ನನ್ನ ಗ್ವಾಡಿ.” ಮತ್ತೆ, “ಆದ್ರ ಹೊಲಾ ಅವಂದು. ಅವಗೂ ಬದಕು ಐತಿ. ನಾ ಏನ್ ಅನ್ನೂದೈತಿ ಅದರಾಗ?” ಎನ್ನುತ್ತಾರೆ.

ಇಬ್ಬನಿಯ ಮೇಲಿನ ಈ ಅಕ್ಕರೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ತಾಯಿಯ ಸೆರಗಿನಿಂದ ಬಂದದ್ದು. ತಂದೆ ಮಾಯಪ್ಪ ಕಂಡವರ ಹೊಲಗಳಲ್ಲಿ ಕೂಲಿಯಾಳು. ತಾಯಿ ಸೋನಾಬಾಯಿ ಸುಗ್ಗಿಯಲ್ಲಿ ತಂಬಾಕಿನ ಹೊಲಕ್ಕೂ ಉಳಿದ ದಿನಗಳಲ್ಲಿ ನಿಪ್ಪಾಣಿಯ ವಖಾರಿಗೂ, ಅಂದರೆ ತಂಬಾಕಿನ ಗೋದಾಮಿಗೂ, ಹೋಗುತ್ತಿದ್ದಳು. ಕೊಯ್ದು ನೆಲಕ್ಕೆ ಹಾಸಿದ ತಂಬಾಕಿನ ಎಲೆಯನ್ನು ಹಗಲಲ್ಲಿ ಮುಟ್ಟುವಂತಿಲ್ಲ. ಬಿಸಿಲಿಗೆ ಕಾದ ಎಲೆ ಹಪ್ಪಳದಂತೆ ಪುಡಿಯಾಗುತ್ತದೆ. ರಾತ್ರಿಯ ಇಬ್ಬನಿ ಕುಡಿದು ಮೆತ್ತಗಾದಾಗ, ಹೊತ್ತು ಹುಟ್ಟುವ ಮುಂಚೆಯೇ ಅದನ್ನು ಮಗುಚಬೇಕು, ಎತ್ತಬೇಕು. ಹೀಗಾಗಿ ಬುದ್ಧ ವಿಹಾರದ ಹಿಂದಿನ ಓಣಿಯ ಹೆಣ್ಣುಮಕ್ಕಳ ದಿನ ಇಬ್ಬನಿಯ ಮೇಲೆ ನಿಂತಿತ್ತು. ಇಬ್ಬನಿ ಬಿದ್ದರೆ ಕೆಲಸ, ಇಲ್ಲದಿದ್ದರೆ ಖಾಲಿ ಕೈ.

“ಅವ್ವ ಅಂಗಳದಾಗ ನಿಂತು ಗಾಳಿ ಮೂಸಿ ನೋಡ್ತಿದ್ಳು,” ಎಂದು ಅಕ್ಕುತಾಯಿ ನೆನೆಯುತ್ತಾರೆ. “‘ಇವತ್ತ ದಂವ ಬಿದ್ದೈತಿ, ಏಳ’ ಅಂತಿದ್ಳು. ನಿಪ್ಪಾಣಿ ಕಡೆ ಮರಾಠಿ ಮಂದಿ ಇಬ್ಬನಿಗೆ ದಂವ ಅಂತಾರ. ನಾ ಹಾಸಿಗ್ಯಾಗ ಬಿದ್ಕೊಂಡು, ಈ ದಂವ ಎಲ್ಲಿಂದ ಬೀಳತೈತಿ, ಮ್ಯಾಲ ಮೋಡಽ ಇಲ್ಲಲ್ಲ ಅಂತ ಕೇಳಿದ್ರ, ‘ಮೊದಲ ಏಳ, ಆಮ್ಯಾಲ ಕೇಳ’ ಅಂತಿದ್ಳು. ಎದ್ದೆ. ಇನ್ನೂ ಕೇಳಾಕತ್ತೇನಿ.”

ಕಬ್ಬೂರಿನ ಶಾಲೆ, ಚಿಕ್ಕೋಡಿಯ ಕಾಲೇಜು, ಧಾರವಾಡದಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ಪದವಿ, ಅಲ್ಲಿಂದ ಪುಣೆ. ಹೇಳಿದರೆ ಒಂದೇ ಸಾಲು. ನಡೆದವರಿಗೆ ಮಾತ್ರ ಆ ದಾರಿಯ ಏರು ಗೊತ್ತು. ಪುಣೆಯಲ್ಲಿ ಬಾಡಿಗೆಗೆ ಕೋಣೆ ಹುಡುಕಿದ ದಿನಗಳನ್ನು ಅವರು ನಗುತ್ತಲೇ ಹೇಳುತ್ತಾರೆ. “ನಾ ಹೋಗೂತನಾ ಕೋಣಿ ಖಾಲಿ ಇರ್ತಿತ್ತು. ಅಡ್ಡಹೆಸರು ಹೇಳಿದ ಕೂಡ್ಲೆ ತುಂಬತಿತ್ತು. ಇದು ಯಾವ ಭೌತವಿಜ್ಞಾನದ ನಿಯಮ ಅಂತ ನನಗ ಇನ್ನೂ ತಿಳಿದಿಲ್ರಿ.” ಕೊನೆಗೆ ಕೋಣೆ ಕೊಟ್ಟವರು ರೈಲ್ವೆಯಿಂದ ನಿವೃತ್ತರಾಗಿದ್ದ ಒಬ್ಬ ಗಾರ್ಡ್. ಅವರು ಕೇಳಿದ್ದು ಒಂದೇ ಪ್ರಶ್ನೆ: ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀ? ಉತ್ತರ ಕೇಳಿ ಅವರು ಕೀಲಿಕೈ ಕೊಟ್ಟರಂತೆ.

ಸಂಸ್ಥೆಯಲ್ಲಿ ಎಲ್ಲರ ಕಣ್ಣು ಮುಂಗಾರಿನ ಮೇಲೆ. ಇಬ್ಬನಿಯನ್ನು ಅಳೆಯುತ್ತೇನೆಂದು ಈ ಹುಡುಗಿ ಮುಂದೆ ಬಂದಾಗ ಹಿರಿಯರೊಬ್ಬರು, “ಇಬ್ಬನಿ ಕವಿಗಳಿಗಿರಲಿ, ನಮಗೆ ಮಳೆ ಸಾಕು” ಎಂದುಬಿಟ್ಟರು. ಬಹಳ ಬೇಡಿಕೊಂಡ ಮೇಲೆ ಒಂದೇ ಒಂದು ಚಳಿಗಾಲದ ಅವಕಾಶ ಸಿಕ್ಕಿತು. ಏನಾದರೂ ತೋರಿಸಿದರೆ ಸರಿ, ಇಲ್ಲವಾದರೆ ಆ ವಿಷಯದ ಕಡತಕ್ಕೆ ದಾರ ಕಟ್ಟಿಬಿಡುವುದು ಎಂಬ ಕರಾರು. ಅಕ್ಕುತಾಯಿ ತಗಡಿನ ತಾಟುಗಳನ್ನು ಹೊತ್ತು ನೇರ ಕಬ್ಬೂರಿಗೆ ಬಂದರು. ಲಗಮಣ್ಣನ ಹೊಲದಲ್ಲಿ ಅವನ್ನು ಇಟ್ಟರು.

ಮುಂದೆ ನಡೆದದ್ದು ಇಂದಿಗೂ ಊರಿನಲ್ಲಿ ಚಹಾದ ಜೊತೆ ನಡೆಯುವ ಕಥೆ. ತಾಟಿನ ಮೇಲೆ ಕೂತ ಹನಿಗಳನ್ನು ಒಂದು ತೆಳು ಪಟ್ಟಿಯಿಂದ ಕೆರೆದು ಗಾಜಿನ ಕೊಳವೆಗೆ ಇಳಿಸಿ ಅಳೆಯಬೇಕೆಂಬುದು ಅವರ ಯೋಜನೆ. ಮೊದಲ ಬೆಳಗು ಬಂದು ನೋಡಿದರೆ ಸುತ್ತಲ ಹುಲ್ಲು ತೊಯ್ದಿದೆ, ಬದುವಿನ ಕಲ್ಲು ತೊಯ್ದಿದೆ, ತಾಟುಗಳು ಮಾತ್ರ ಒಣಗಿ ಹೊಳೆಯುತ್ತಿವೆ. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ತಗಡು ತಪ್ಪೋ, ಬಣ್ಣ ತಪ್ಪೋ, ತಾನು ಓದಿದ ಶಾಸ್ತ್ರವೇ ತಪ್ಪೋ ತಿಳಿಯದೆ ಅವರು ಬಣ್ಣ ಬದಲಿಸಿದರು, ಎತ್ತರ ಬದಲಿಸಿದರು, ಊಟ ಬಿಟ್ಟರು. ವಾರ ಕಳೆದರೂ ತಾಟಿನ ಮೇಲೆ ಒಂದು ಹನಿ ಇಲ್ಲ. ಸೋತೆನೆಂದು ಪುಣೆಗೆ ತಿಳಿಸಲು ಮನಸ್ಸು ಮಾಡಿದರು. ಆದರೆ ಹೊರಡುವ ಮುನ್ನ ಒಂದು ದಿನ ತುಸು ಬೇಗನೆ ಹೊಲಕ್ಕೆ ಹೋದರು.

ಅಲ್ಲಿ, ತಂಬಾಕಿನ ಕೆಲಸಕ್ಕೆ ಬಂದ ಹೆಣ್ಣಾಳುಗಳ ಮುಂದಾಳು ಸಾವಕ್ಕ, ತಾಟುಗಳನ್ನು ತನ್ನ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು!

ತಂಬಾಕಿನವರಿಗೆ ಒಂದು ನೇಮ ಉಂಟು. ಇಬ್ಬನಿ ಎಲೆಗೆ ಬೇಕು, ಎಲೆ ಇಡುವ ಪಾತ್ರೆಗೆ ಬೇಡ. ಒದ್ದೆ ತಾಟಿನಲ್ಲಿ ಎಲೆ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಒಂದು ಎಲೆಯ ಬೂಸ್ಟು ಇಡೀ ರಾಶಿಯನ್ನು ಕೆಡಿಸುತ್ತದೆ. ಇವು ಯಾರೋ ವ್ಯಾಪಾರಿ ಎಲೆಯ ನಮೂನೆ ನೋಡಲು ತಂದಿರಿಸಿದ ಹೊಸ ತಾಟುಗಳೆಂದೇ ಸಾವಕ್ಕ ಬಗೆದಿದ್ದಳು. ರಾತ್ರಿಯೆಲ್ಲ ಹೊರಗೆ ಬಿಟ್ಟುಹೋದ ದಡ್ಡನಿಗೆ ಬೈಯುತ್ತಲೇ, ಪಾಪ, ಪ್ರತಿದಿನ ಒರೆಸಿ ಇಡುತ್ತಿದ್ದಳು.

ಈ ಭಾಗವನ್ನು ಸಾವಕ್ಕ ಯಾರಿಗೂ ಬಿಟ್ಟುಕೊಡುವುದಿಲ್ಲ. “ಈಕಿ ಓಡಿ ಬಂದ್ಳರಿ, ಕೂದಲಾ ಕೆದರಕೊಂಡು! ಹೊಡೀತಾಳ ಅಂತ ನಾ ಅರಿವಿ ಬೆನ್ನ ಹಿಂದ ಮುಚ್ಚಿದೆ. ‘ಏನ್ ಮಾಡಿದಿ ಸಾವಕ್ಕಾ’ ಅಂದ್ಳು. ‘ಒರಸಿದೆ’ ಅಂದೆ. ‘ದಿನಾ ಒರಸ್ತಿದ್ದೇನು’ ಅಂದ್ಳು. ‘ಮತ್ತ? ಬೂಸ್ಟ ಹಿಡೀಲೇನು’ ಅಂದೆ. ಈಕಿ ನೆಲಕ್ಕ ಕುಂತು ಅತ್ಳು. ಆಮ್ಯಾಲ ಅಳೂದ ಬಿಟ್ಟು ನಕ್ಳು. ನನಗ ಅನಸ್ತು, ಸೋನಾಬಾಯಿ ಮಗಳಿಗಿ ತಲಿ ಕೆಟ್ಟೈತಿ ಅಂತ.”

ನಕ್ಕು ಮುಗಿದ ಮೇಲೆ ಅಕ್ಕುತಾಯಿಯವರ ಕಣ್ಣು ಸಾವಕ್ಕನ ಬೆನ್ನ ಹಿಂದಿನ ಕೈಗೆ ಹೋಯಿತು. ಬಟ್ಟೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆರೆದರೆ ಕೊಳವೆಗೆ ಅರ್ಧವೂ ಇಳಿಯದ ಇಬ್ಬನಿ ಈ ಬಟ್ಟೆಯಲ್ಲಿ ಪೂರ್ತಿ ಕುಳಿತಿತ್ತು.

“ಹಿಂಡೀಯೇನು?”

“ಇನ್ನೂ ಇಲ್ಲ.”

“ಹಿಂಡಬ್ಯಾಡ! ಹಂಗಽ ಕೊಡು!”

ತಮ್ಮ ಊಟದ ಡಬ್ಬಿಯಲ್ಲಿದ್ದ ರೊಟ್ಟಿ ಪಲ್ಯವನ್ನು ಹೆಣ್ಣಾಳುಗಳ ಕೈಗೆ ಸುರಿದು, ಡಬ್ಬಿಯನ್ನು ಒರೆಸಿ, ಒದ್ದೆ ಬಟ್ಟೆಯನ್ನು ಅದರಲ್ಲಿ ಮುಚ್ಚಿಕೊಂಡು, ಅಕ್ಕುತಾಯಿ ಚಿಕ್ಕೋಡಿಯ ಬಸ್ಸಿಗೆ ಓಡಿದರು. ಮೊದಲೇ ತೂಗಿದ ಒಣ ಬಟ್ಟೆಯಿಂದ ಒರೆಸುವುದು, ಹಿಂಡದೆ ಮುಚ್ಚುವುದು, ಮತ್ತೆ ತೂಗುವುದು. ಎರಡು ತೂಕಗಳ ನಡುವಿನ ವ್ಯತ್ಯಾಸವೇ ಆ ರಾತ್ರಿಯ ಇಬ್ಬನಿ. ವಿದ್ಯುತ್ತು ಬೇಡ, ವಿದೇಶಿ ಯಂತ್ರ ಬೇಡ. ಸಂಸ್ಥೆ ಒಂದು ಸ್ಥಳಕ್ಕೆ ಮಾತ್ರ ಸಾಮಾನು ಕೊಟ್ಟಿತ್ತು. ಬಟ್ಟೆಗೂ ಡಬ್ಬಿಗೂ ಯಾರ ಅಪ್ಪಣೆ ಬೇಕು? ಇಂದಿನ ಐದು ತಾಲೂಕಿನ ಸೀಮೆಯಲ್ಲಿ ತಾಟುಗಳು ಎದ್ದವು. ಸಾವಕ್ಕನ ನೆಂಟರು, ಆ ನೆಂಟರ ಗೆಳತಿಯರು ಒರೆಸುವ ಕೆಲಸಕ್ಕೆ ನಿಂತರು. ಡಬ್ಬಿಗಳು ಬಸ್ಸೇರಿದವು. ಅಥಣಿ ದಾರಿಯ ಕಂಡಕ್ಟರ್ ಭೀಮಸಿ ಒಮ್ಮೆ ಹಸಿವು ತಾಳದೆ ಒಂದು ಡಬ್ಬಿ ತೆರೆದು, “ಏನ್ ಮನಿತನಾನೋ ಏನೋ, ಗಂಡಗ ಹಸಿ ಅರಿವಿ ಕಟ್ಟಿ ಕಳಸ್ಯಾರ!” ಎಂದು ಮರುಗಿದನಂತೆ. ಆ ದಿನದ ಅಥಣಿಯ ಲೆಕ್ಕ ಕೆಟ್ಟಿತು. ಮರುದಿನದಿಂದ ಅವನಿಗೊಂದು ಬೇರೆ ಡಬ್ಬಿ ಬರತೊಡಗಿತು, ಒಳಗೆ ನಿಜವಾದ ರೊಟ್ಟಿ.

ಆ ಚಳಿಗಾಲದ ಫಲವೇ ಅಕ್ಕುತಾಯಿಯವರಿಗೆ ಹೆಸರು ತಂದ ಪ್ರಬಂಧ. ಅದರ ಕೊನೆಯಲ್ಲಿ ಕೃತಜ್ಞತೆಯ ಸಾಲುಗಳಲ್ಲಿ ಒರೆಸಿದ ಹೆಣ್ಣುಮಕ್ಕಳೆಲ್ಲರ ಹೆಸರುಗಳಿವೆ. ಇವರು ಯಾವ ಸಂಸ್ಥೆಯವರೆಂದು ಪತ್ರಿಕೆಯವರು ವಿಚಾರಿಸಿದಾಗ, “ಹೊಲದವರು” ಎಂದು ಉತ್ತರಿಸಿದರಂತೆ. ಕವಿಗಳ ಮಾತಾಡಿದ್ದ ಹಿರಿಯರು ಮುಂದಿನ ವರ್ಷ ತಾವೇ ಜೀಪು ಹತ್ತಿ ಕಬ್ಬೂರಿಗೆ ಬಂದು, ತಾಟು ಒರೆಸಿ, ಸಾವಕ್ಕನಿಂದ ಶಹಬ್ಬಾಸ್ ಪಡೆದು ಹೋದರು.

ಮುಂದಿನ ವರ್ಷಗಳಲ್ಲಿ ಅಕ್ಕುತಾಯಿ ಕಾಗವಾಡದ ಹೊಳೆದಂಡೆಯಲ್ಲಿ ಹಗ್ಗ ಕಟ್ಟಿದ ಬಲೂನು ಹಾರಿಸಿ ಇರುಳಿನ ಗಾಳಿಯ ಪದರಗಳನ್ನು ಅಳೆದರು. ಮುಂಜಾನೆ ಬೆಲ್ಲದ ಗಾಣದ ಹೊಗೆ ಮೇಲೇಳದೆ ಯಾಕೆ ಅಡ್ಡಡ್ಡ ಮಲಗುತ್ತದೆಂಬುದನ್ನು ಅವರ ಬಾಯಿಂದಲೇ ಕೇಳಬೇಕು. “ರಾತ್ರಿ ನೆಲಾ ತನ್ನ ಕಾವನ್ನ ಮುಗಿಲಿಗಿ ಕೊಟ್ಟು ತಣ್ಣಗಾಗತೈತ್ರಿ. ನೆಲಕ್ಕ ತಾಗಿದ ಗಾಳೀನೂ ತಣ್ಣಗಾಗಿ ಕೌದಿ ಹಾಸಿದಂಗ ಹಾಸಕೊಳ್ತೈತಿ. ಹೊಗಿ ಆ ಕೌದಿ ಹರ್ಕೊಂಡು ಮ್ಯಾಲ ಏಳಾಕ ಆಗೂದಿಲ್ಲ. ಗಾಳಿ ಬೀಸಿದ್ರ ಕೌದಿ ಜಾಡಿಸಿದಂಗ. ಮೋಡ ಬಂದ್ರ ನೆಲಕ್ಕ ಮ್ಯಾಲಿಂದ ಇನ್ನೊಂದು ಕೌದಿ ಹೊಚ್ಚಿದಂಗ, ತಣ್ಣಗಽ ಆಗೂದಿಲ್ಲ. ಎರಡೂ ಇಲ್ಲದ ರಾತ್ರಿ ಗಾಳ್ಯಾಗಿನ ತೇವ ಹನಿ ಆಗಿ ಇಬ್ಬನಿ ಬೀಳತೈತಿ.” ಕಾಲುವೆ ಬಂದು ಕಬ್ಬು ಹಬ್ಬಿದಂತೆ ನಮ್ಮಲ್ಲಿ ಇಬ್ಬನಿಯ ಮುಂಜಾವುಗಳು ಹೆಚ್ಚುತ್ತ ಹೋದದ್ದನ್ನು ತೋರಿಸಿದ್ದೂ ಅವರ ತಾಟುಗಳೇ. ಅವರು ಪುಣೆಯಲ್ಲಿದ್ದಷ್ಟೂ ಕಾಲ ಚಳಿಗಾಲ ಬಂತೆಂದರೆ ಸಾವಕ್ಕ ತಾಟು ಹೊರಗಿಡುವುದೂ ಡಬ್ಬಿ ಚಿಕ್ಕೋಡಿಗೆ ಹೋಗುವುದೂ ತಪ್ಪಲಿಲ್ಲ.

ಇಂದು ಆ ಲೆಕ್ಕ ಪುಣೆಗಿಂತ ಅಥಣಿಯ ದ್ರಾಕ್ಷಿ ಬೆಳೆಗಾರರಿಗೆ ಹೆಚ್ಚು ಬೇಕಾಗಿದೆ. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಬಳ್ಳಿಗೆ ರೋಗ. ಅದಕ್ಕೆ ಹೆದರಿ ಮೊದಲು ಎಲ್ಲರೂ ಬೇಕಿದ್ದರೂ ಇಲ್ಲದಿದ್ದರೂ ಔಷಧ ಸಿಂಪಡಿಸುತ್ತಿದ್ದರು. ಈಗ ಚಳಿಗಾಲದ ಸಂಜೆ ಅಕ್ಕುತಾಯಿಯವರ ಧ್ವನಿ ನೂರಾರು ಮೊಬೈಲುಗಳಿಗೆ ತಲುಪುತ್ತದೆ: “ನಾಳೆ ಇಬ್ಬನಿ ಇಲ್ಲ, ಆರಾಮ ಮಲಗ್ರಿ.” ಅಥಣಿ ಬದಿಯ ಬೆಳೆಗಾರ ಅಣ್ಣಾಸಾಬ ಹೇಳುತ್ತಾರೆ: “ಎಲ್ಲಾ ಸಲ ಖರೇ ಆಗೂದಿಲ್ರಿ. ಒಮ್ಮೆ ಇಲ್ಲ ಅಂದಿದ್ರು, ಬಿತ್ತು. ಆದ್ರ ನಾವು ಬೈಯೂದಕ್ಕ ಮೊದ್ಲ ಅಕ್ಕುತಾಯಿ ಬಾಯಾರಽ ಫೋನ್ ಮಾಡಿ, ‘ತಪ್ಪೇತ್ರಿ, ಈಗ ಔಷಧ ಹೊಡೀರಿ’ ಅಂದ್ರು. ತಪ್ಪಂತ ಮೊದ್ಲ ಹೇಳಾವ್ರನ್ನ ನಂಬದ ಇನ್ಯಾರ್ನ ನಂಬೂದ್ರಿ?”

ಅಕ್ಕುತಾಯಿಯವರ ಮನೆಯಲ್ಲಿ ಈ ಶಾಸ್ತ್ರದ ಭಾರ ಹೊತ್ತವಳು ತಮ್ಮನ ಮಗ ಸುಧೀರನ ಹೆಂಡತಿ ನೀಲಮ. ಹಿತ್ತಲಿನ ಹಗ್ಗದ ಮೇಲೆ ಒಣಗುವ ಬಿಳಿಯ ಬಟ್ಟೆಗಳನ್ನು ಯಾರೂ ಮುಟ್ಟುವಂತಿಲ್ಲ. “ಒಮ್ಮೆ ಬೀಗರು ಬಂದು ಕೈ ತೊಳಕೊಂಡು ಒಂದು ಅರಿವಿಗಿ ಒರಸಿದ್ರು ನೋಡ್ರಿ,” ಎಂದು ಅವಳು ಪಿಸುಗುಡುತ್ತಾಳೆ. “ಅತ್ತಿಯವರು ಏನೂ ಅನಲಿಲ್ಲ. ಬೀಗರ ಮುಂದಽ ಆ ಅರಿವಿ ಒಯ್ದು ತೂಗಿದ್ರು!”

ಮತ್ತೆ ಹೊಲಕ್ಕೆ ಬರೋಣ. ಎರಡನೆಯ ತಾಟು ಒರೆಸಿ ಮುಗಿಯುವಷ್ಟರಲ್ಲಿ ಬೈಕಿನ ಸದ್ದು. ಕಿವಿಗೆ ಮಫ್ಲರ್ ಕಟ್ಟಿಕೊಂಡ ಈಶ್ವರ ಬದುವಿನ ಮೇಲೆ ಗಾಡಿ ನಿಲ್ಲಿಸುತ್ತಾನೆ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಮುಖದಲ್ಲಿ ಸಂಕೋಚ.

“ಬಾಯಾರ, ನಾಳೆ ಟ್ರ್ಯಾಕ್ಟರ್ ಬರತೈತ್ರಿ. ಹೇಳಿ ಹೋಗೂಣಂತ ಬಂದೆ.”

“ಬರ್ಲಿ ತಮ್ಮಾ.”

“ನೀವು ಸಿಟ್ಟಾಗಬ್ಯಾಡ್ರಿ. ಸುತ್ತ ಕಬ್ಬ ಬರತೈತಿ, ನಡಬರಕ ಹುಲ್ಲ. ನೋಡಿದ ಮಂದಿ, ಲಗಮಣ್ಣನ ಮಗಾ ಹೊಲದಾಗ ಬೋಳತಲಿ ಬಿಟ್ಟಾನ ಅಂತ ನಗಾಕತ್ತಾರ. ನೀರ ಹಾಯಿಸೂದೂ ತ್ರಾಸ.”

“ನಿಮ್ಮಪ್ಪನ ತಲೀನೂ ಬೋಳಽ ಇತ್ತಲ್ಲೋ,” ಎಂದು ಬದುವಿನಿಂದ ಸಾವಕ್ಕ ಬಾಣ ಬಿಡುತ್ತಾಳೆ. “ಅವಂಗ ಯಾರ ನಕ್ಕಿದ್ರು?”

“ಆಯಿ, ನೀ ಸುಮ್ನಿರ.”

ಅಕ್ಕುತಾಯಿ ಮೂಡಣ ದಿಕ್ಕನ್ನು ನೋಡುತ್ತಾರೆ. ಕೆಂಪು ಏರುತ್ತಿದೆ; ಬಿಸಿಲು ಬಿತ್ತೆಂದರೆ ಹನಿ ಹಾರುತ್ತದೆ. ಬಗ್ಗಿ ಬಗ್ಗಿ ಮೊಣಕಾಲು ಸೆಟೆದುಕೊಂಡಿವೆ. “ಮಾತು ಆಮ್ಯಾಲ. ಬಂದೀಯಲ್ಲ, ಆ ಮೂರನೇ ತಾಟ ಒಂದು ಒರಸಿ ಕೊಡು ಈಶ್ವರಾ. ತಗೋ ಅರಿವಿ.”

ಇಕ್ಕಟ್ಟಿನಿಂದ ಪಾರಾದವನಂತೆ ಈಶ್ವರ ಬಟ್ಟೆ ಇಸಿದುಕೊಳ್ಳುತ್ತಾನೆ. ಬೈಕಿನ ಸೀಟು ಒರೆಸಿ ಪಳಗಿದ ಕೈ. ತಾಟು ಒಂದೇ ಉಸಿರಿಗೆ ಹೊಳೆಯುತ್ತದೆ. ಒರೆಸಿ ಮುಗಿದವನು, ಒದ್ದೆ ಬಟ್ಟೆ ಹಿಡಿದ ಯಾವ ಮನುಷ್ಯನೂ ಮಾಡುವಂತೆ, ಅದನ್ನು ಎರಡೂ ಕೈಯಿಂದ ತಿರುವಿ ಜಗ್ಗಿ ಹಿಂಡಿಬಿಡುತ್ತಾನೆ. ನೀರು ಸರಸರನೆ ಹುಲ್ಲಿಗೆ ಇಳಿಯುತ್ತದೆ.

“ಹಿಂಡಬ್ಯಾಡೋ!” ಎಂಬ ಎರಡು ಕೂಗುಗಳು ಒಮ್ಮೆಗೇ ಏಳುತ್ತವೆ. ತಡವಾಗಿದೆ.

ಸಾವಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಅಕ್ಕುತಾಯಿಯವರಿಗೂ ನಗೆ ತಡೆಯಲಾಗುವುದಿಲ್ಲ. ಈಶ್ವರ ಮಾತ್ರ ಮುದ್ದೆಯಾದ ಬಟ್ಟೆಯನ್ನೂ ತನ್ನ ಬೂಟಿನ ಬಳಿ ಒದ್ದೆಯಾದ ಹುಲ್ಲನ್ನೂ ನೋಡುತ್ತ ನಿಂತಿದ್ದಾನೆ.

“ಇಷ್ಟ ನೀರ ಇತ್ತೇನ್ರಿ ಇದರಾಗ?”

“ಇತ್ತು,” ಎನ್ನುತ್ತಾರೆ ಅಕ್ಕುತಾಯಿ. “ನಿಮ್ಮಪ್ಪನೂ ಮೊದಲ್ನೇ ಸಲ ಹಿಂಗಽ ಕೇಳಿದ್ದ. ಕೇಳಿ, ಈ ಚೌಕ ನಿಂದ ಇರ್ಲಿ ಮಗಳ ಅಂದ.” ಇಷ್ಟು ಹೇಳಿ ಮೊಬೈಲನ್ನು ಬಾಯಿಯ ಹತ್ತಿರ ತರುತ್ತಾರೆ. ಧ್ವನಿ ಅದೇ ವರದಿಯ ಧ್ವನಿ: “ಮೂರನೇ ತಾಟ. ಲೆಕ್ಕ ಇಲ್ಲ. ಈಶ್ವರ ಲಗಮಣ್ಣ ಹಿಂಡಿದ.”

“ಏ ಬಾಯಾರ! ನನ್ನ ಹೆಸರ ಯಾಕ್ರಿ ಹಾಕತೀರಿ?”

“ಹಾಕಬೇಕಪಾ. ನೂರು ವರ್ಷ ಆದ ಮ್ಯಾಲ ಯಾರರ ಈ ದಿನದ ಲೆಕ್ಕ ನೋಡಿದ್ರ, ಕಬ್ಬೂರಾಗ ಆವತ್ತ ಇಬ್ಬನಿ ಬೀಳಲಿಲ್ಲ ಅಂತ ತಿಳೀಬಾರ್ದು. ಬಿದ್ದಿತ್ತು, ಈಶ್ವರ ಹಿಂಡಿದ. ಅದು ಖರೇ. ಸಾವಕ್ಕ ಒರಸಿದ್ದೂ ಐತಿ, ಭೀಮಸಿ ಡಬ್ಬಿ ತಗದದ್ದೂ ಐತಿ.”

“ನೂರು ವರ್ಷ?” ಈಶ್ವರನ ಮುಖ ಸಣ್ಣಗಾಗುತ್ತದೆ. “ಅಂದ್ರ ನನ್ನ ಮೊಮ್ಮಕ್ಕಳೂ ಓದ್ತಾರೇನ್ರಿ?”

“ಓದಿದ್ರ ಓದ್ಲಿ,” ಎಂದು ಸಾವಕ್ಕ ಕಣ್ಣೊರೆಸಿಕೊಳ್ಳುತ್ತಾಳೆ. “ಮುತ್ಯಾ ಎರಡ ಕೆಲಸ ಮಾಡಿದ. ಇವತ್ತ ಅರಿವಿ ಹಿಂಡಿದ, ನಾಳೆ ತಾಟ ಕಿತ್ತ ಒಗದ.”

ಈಶ್ವರ ಚೌಕದ ಸುತ್ತ ಒಂದು ಸಲ ನಡೆಯುತ್ತಾನೆ. ಕೈ ಮುಂದೆ ಚಾಚಿ ಏನನ್ನೋ ಅಳೆಯುತ್ತಾನೆ, ದಾರಿಯ ಕಡೆ ನೋಡುತ್ತಾನೆ. ಬೈಕ್ ಏರುವಾಗ ಇಷ್ಟೇ ಹೇಳುತ್ತಾನೆ: “ನಾಳೆ ಮೂರನೇ ತಾಟ ನಾನಽ ಒರಸ್ತೇನ್ರಿ. ಮೊದಲ ಅದು ಸರಿ ಆಗ್ಲಿ.”

ಮರುದಿನ ಅವನು ಅಕ್ಕುತಾಯಿಯವರಿಗಿಂತ ಮೊದಲೇ ಬಂದು ಕಾಯುತ್ತಿದ್ದಾನೆ. ಅವರು ಕೊಟ್ಟ ಬಟ್ಟೆಯನ್ನು ತೆಗೆದುಕೊಂಡು, ಹಣೆಯಲ್ಲಿ ಬೆವರು ಕಾಣುವಷ್ಟು ಜತನದಿಂದ, ಅಂಚಿನಿಂದ ಅಂಚಿಗೆ ಒರೆಸುತ್ತಾನೆ. ಬೆರಳು ಬಿಗಿಯಾಗದಂತೆ ಎರಡೂ ಅಂಗೈಗಳ ಮೇಲೆ ಹಕ್ಕಿಮರಿಯನ್ನು ತರುವಂತೆ ತಂದು ಡಬ್ಬಿಗೆ ಇಳಿಸುತ್ತಾನೆ.

“ಹೇಳ್ರಿ ಈಗ ಅದರಾಗ. ಹಿಂಡಲಿಲ್ಲ ಅಂತ ಹೇಳ್ರಿ.”

“ಮೂರನೇ ತಾಟ,” ಎಂದು ಅಕ್ಕುತಾಯಿ ಗಂಭೀರವಾಗಿ ಮೊಬೈಲಿಗೆ ಒಪ್ಪಿಸುತ್ತಾರೆ. “ಈಶ್ವರ ಒರಸಿದ. ಹಿಂಡಲಿಲ್ಲ.”

ಆಮೇಲೆ ಅವನು ತನ್ನ ಯೋಚನೆಯನ್ನು ಹೊರಗಿಡುತ್ತಾನೆ. ಕಬ್ಬು ಕಡಿದಾಗ ಟ್ರಾಲಿ ಒಳಗೆ ಬಂದು ತುಂಬಿಕೊಂಡು ತಿರುಗಲು ಎಲ್ಲಾದರೂ ಖಾಲಿ ಜಾಗ ಬಿಡಲೇಬೇಕು. ಅದನ್ನು ಕಾಲುವೆಯ ಬದಿಗೆ ಬಿಡಬೇಕೆಂದಿದ್ದ. ಅಲ್ಲಿಯೇ ಕಬ್ಬು ಹಚ್ಚಿ ತಿರುಗುವ ಜಾಗವನ್ನು ಈ ಚೌಕಕ್ಕೆ ತಂದು, ದಾರಿಯವರೆಗೂ ಅಗಲವಾಗಿ ಬಿಟ್ಟರೆ ತಾಟಿಗೆ ಮುಗಿಲೂ ಉಳಿಯುತ್ತದೆ. ಟ್ರಾಲಿ ಬರುವುದು ವರ್ಷಕ್ಕೆ ಕೆಲವೇ ದಿನ, ಅದೂ ಹೊತ್ತೇರಿದ ಮೇಲೆ. ಅಷ್ಟರೊಳಗೆ ಒರೆಸಿ ತಾಟು ಎತ್ತಿಟ್ಟರಾಯಿತು.

“ನಕ್ಕವ್ರಿಗಿ ಏನ್ ಹೇಳ್ತಿ?” ಸಾವಕ್ಕ ಕೆಣಕುತ್ತಾಳೆ.

“ಟ್ರಾಲಿ ತಿರಗೂ ಜಾಗಾ ಅಂತೇನಿ. ಅದಕ್ಕ ಯಾರ ನಗತಾರ?”

ಅಕ್ಕುತಾಯಿ ಶಾಲಿನ ಅಂಚಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. ಅದು ಇಬ್ಬನಿಯೇ ಇರಬಹುದು. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ, “ಇನ್ನೊಂದಿಷ್ಟು ಚಳಿಗಾಲ. ಮೋಡ ಇಲ್ಲದ್ದು,” ಎಂದು ನಗುತ್ತಾರೆ. ನೀಲಮ ಕಳಿಸಿದ ಚಹಾದ ಥರ್ಮಾಸ್ ತೆರೆದುಕೊಳ್ಳುತ್ತದೆ. ಮೂವರೂ ಬದುವಿನ ಮೇಲೆ ಸಾಲಾಗಿ ಕೂರುತ್ತಾರೆ. ಬಿಸಿಲು ಹುಲ್ಲಿನ ತುದಿಗೆ ಬಂದು ಮುಟ್ಟಿದೆ. ಒರೆಸಿದ ತಾಟುಗಳು ಮೂರೂ ಹೊಳೆಯುತ್ತಿವೆ.

ಈಶ್ವರ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಾನೆ. ಸಣ್ಣವನಿದ್ದಾಗ ತಂದೆಯ ಬಾಯಿಂದ ಎಷ್ಟೋ ಸಲ ಕೇಳಿ, ಎಷ್ಟೋ ಸಲ ಬೇಸತ್ತು ಎದ್ದುಹೋಗಿದ್ದ ಕಥೆಯೊಂದು ಅವನಿಗೆ ಈಗ ಬೇಕಾಗಿದೆ.

“ಬಾಯಾರ,” ಎನ್ನುತ್ತಾನೆ, “ಆವತ್ತ ಆಯಿ ಅರಿವಿ ಬೆನ್ನ ಹಿಂದ ಮುಚ್ಚಿದ್ಳಲ್ರಿ, ಅದನ್ನ ಇನ್ನೊಮ್ಮೆ ಹೇಳ್ರಿ. ಮೊದಲಿಂದ ಹೇಳ್ರಿ. ಟ್ರ್ಯಾಕ್ಟರ್ ಬರಾಕ ಇನ್ನೂ ಹೊತ್ತೈತಿ.”